ಮೇನ್ ಸ್ವಿಚ್ಚಮ್ಮನ ರಜೆ

ಲಿಫ್ಟ್ ರಿಪೇರಿ ಮಾಡುವ ಆ ಕಂಪನಿಯ ಕಚೇರಿ ಇದ್ದದ್ದು ಲಿಫ್ಟೇ ಇಲ್ಲದ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಊರಿನ ಆಸ್ಪತ್ರೆ, ಹೋಟೆಲು, ಬ್ಯಾಂಕುಗಳಲ್ಲಿ ಜನರನ್ನು ಸಲೀಸಾಗಿ ಮೇಲೆತ್ತಿ ಇಳಿಸುವ ಏರ್ಪಾಡು ಮಾಡಿಕೊಡುತ್ತಿದ್ದವರು ತಾವು ಮಾತ್ರ ದಿನವೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದರು. ಹತ್ತಿ ಬಂದವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮೊದಲ ಮಾತು ಒಂದೇ: "ಸ್ವಿಚ್ಚಮ್ಮ ಬಂದ್ರಾ?"

ಬಂದಿರುತ್ತಿದ್ದಳು. ಆಕೆ ಬಾರದ ದಿನವನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಬಳಸುವವರು ಯಾರೂ ಉಳಿದಿರಲಿಲ್ಲ. ಮೇನ್ ಸ್ವಿಚ್ಚಮ್ಮ ಎಂದು ಹೆಸರಿಟ್ಟವರು ಮೆಕ್ಯಾನಿಕ್ಕುಗಳು. ಆಕೆ ಬಂದು ತನ್ನ ಮೇಜಿನ ಕಂಪ್ಯೂಟರಿನ ಗುಂಡಿ ಒತ್ತುವವರೆಗೆ ಆ ಕಚೇರಿಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಮೊದಮೊದಲು ಬೆನ್ನ ಹಿಂದೆ ಹಾಗೆ ಕರೆದರು, ಆಮೇಲೆ ಎದುರಿಗೇ ಕರೆದರು. ಆಕೆ ಹುಬ್ಬು ಗಂಟಿಕ್ಕಿದಳು. ಒಳಗೊಳಗೆ ಹಿಗ್ಗಲಿಲ್ಲ ಎಂದರೆ ಮಾತ್ರ ಸುಳ್ಳಾದೀತು.

ಇದು ಹೇಗಾಯಿತೆಂದರೆ, ಕಚೇರಿಗೆ ಮೊದಲ ಸಲ ನಾಲ್ಕು ಕಂಪ್ಯೂಟರು ಬಂದಾಗ ಅವುಗಳನ್ನು ಒಂದಕ್ಕೊಂದು ಜೋಡಿಸಲು ಒಬ್ಬ ಕೇಬಲ್ಲಿನವನು ಬಂದಿದ್ದ. ಗೋಡೆಯಂಚಿಗೆ ವೈರು ಎಳೆದು, ಮೂಲೆಯಲ್ಲಿ ಮಿಣಮಿಣ ದೀಪದ ಸಣ್ಣ ಡಬ್ಬಿಯೊಂದನ್ನು ಕೂರಿಸಿ, ಎಲ್ಲರನ್ನೂ ಕರೆದು ವಿವರಿಸಿದ: "ಇದಕ್ಕೆ ಪಿಯರ್ ಟು ಪಿಯರ್ ಅಂತಾರೆ. ಅಂದ್ರೆ ಇಲ್ಲಿ ಯಾರೂ ಯಜಮಾನ್ರಲ್ಲ, ಎಲ್ಲ ಕಂಪ್ಯೂಟರೂ ಸರೀಕರು. ನಿಮ್ಮ ನಿಮ್ಮ ಫೈಲು ನಿಮ್ಮ ನಿಮ್ಮ ಹತ್ರಾನೇ ಇರ್ಲಿ. ಬೇರೆಯವ್ರಿಗೆ ಬೇಕಾದ್ದನ್ನ ಮಾತ್ರ ಹಂಚ್ಕೊಳ್ಳಿ." ಬೇರೆ ಯಂತ್ರ ಏನೂ ಕೊಳ್ಳಬೇಕಿಲ್ಲವೆಂದು ತಿಳಿದು ಕಂಪನಿಯ ಸಾಹೇಬರು ಅಲ್ಲೇ ಒಪ್ಪಿಬಿಟ್ಟರು.

ಸರೀಕರ ಸಂಸಾರ ಬಹಳ ದಿನ ನಡೆಯಲಿಲ್ಲ. ಲೆಕ್ಕ ಬರೆಯುವ ಹುಡುಗ ಚಹಾಕ್ಕೆ ಹೋಗುವಾಗಲೂ ತನ್ನ ಕಂಪ್ಯೂಟರು ಮುಚ್ಚಿ ಹೋಗುತ್ತಿದ್ದ, ಅವನ ಹತ್ತಿರವಿದ್ದ ಫೈಲು ಬೇಕಾದವರು ಬಾಯಿ ಬಿಟ್ಟುಕೊಂಡು ಕಾಯಬೇಕಾಗುತ್ತಿತ್ತು. ಬಿಡಿಭಾಗಗಳ ಸ್ಟೋರು ನೋಡುವವರು ಒಮ್ಮೆ ಕೈತಪ್ಪಿ ಒಂದು ಇಡೀ ಫೋಲ್ಡರನ್ನು ಅಳಿಸಿ ಹಾಕಿ, ಮೂರು ದಿನ ಮುಖ ತೋರಿಸಲಿಲ್ಲ. ಸಾಹೇಬರ ಕಂಪ್ಯೂಟರಿನ ಮಾತೇ ಬೇಡ, ಅದರಲ್ಲಿ ಇಸ್ಪೀಟಾಟ ಬಿಟ್ಟು ಬೇರೇನೂ ಸರಿಯಾಗಿ ತೆರೆಯುತ್ತಿರಲಿಲ್ಲ. ಹಾಗಾಗಿ ಒಬ್ಬೊಬ್ಬರೇ, "ಇದನ್ನ ಸ್ವಿಚ್ಚಮ್ಮನ ಹತ್ರ ಹಾಕ್ಬಿಡಿ" ಎನ್ನತೊಡಗಿದರು. ಆಕೆ ಯಾರಿಗೂ ಇಲ್ಲವೆಂದವಳಲ್ಲ. ವರ್ಷಗಳು ಕಳೆದಂತೆ ಊರಿನ ಒಂದೊಂದು ಲಿಫ್ಟಿನ ಜಾತಕವೂ ಆಕೆಯ ಕಂಪ್ಯೂಟರಿಗೆ ಬಂದು ಸೇರಿತು. ಯಾವ ಕಟ್ಟಡದ ಲಿಫ್ಟಿಗೆ ಹಗ್ಗ ಬದಲಾಯಿಸಿದ್ದು ಯಾವಾಗ, ಯಾವುದರ ಬಾಗಿಲಿಗೆ ಯಾವ ಲಾಕು, ಮೇಲಿನ ಮೋಟಾರು ಕೋಣೆಯ ವೈರುಗಳ ನಕ್ಷೆ ಯಾವುದು, ಎಲ್ಲ ಅಲ್ಲಿತ್ತು. ಲಿಫ್ಟಿನ ಬಾಗಿಲ ಮುಂದೆ ಪಾನಾ ಹಿಡಿದು ನಿಂತ ಮೆಕ್ಯಾನಿಕ್ಕು ಕಚೇರಿಗೆ ಫೋನು ಮಾಡಿದರೆ, ಯಾರೇ ಎತ್ತಿದರೂ ಕೊನೆಗೆ ತೆರೆಯಬೇಕಾದದ್ದು ಆಕೆಯ ಪೆಟ್ಟಿಗೆಯನ್ನೇ.

ಆಕೆಗೂ ಕೆಲವು ಕಟ್ಟುನಿಟ್ಟುಗಳಿದ್ದವು. ಸಂಜೆ ಎಲ್ಲರೂ ಹೊರಟ ಮೇಲೆ ಕಂಪ್ಯೂಟರು ಆರಿಸಿ, ಗೋಡೆಯಿಂದ ಪ್ಲಗ್ಗು ಕಿತ್ತು, ಮೇಲೊಂದು ಬಟ್ಟೆ ಹೊದಿಸಿಯೇ ಮನೆಗೆ ಹೊರಡುವುದು. ಎಂದೋ ಒಮ್ಮೆ ಪಕ್ಕದ ಕಚೇರಿಯಲ್ಲಿ ಪ್ಲಗ್ಗು ಸುಟ್ಟು ಹೊಗೆ ಎದ್ದಿತ್ತು, ಅಂದಿನಿಂದ ಬಂದ ಅಭ್ಯಾಸ. ಬೆಳಿಗ್ಗೆ ಅದನ್ನು ಮತ್ತೆ ಎಬ್ಬಿಸಲು ಬೇಕಾದ ಪಾಸ್‌ವರ್ಡು ಆಕೆಯ ಬಾಯಿಂದ ಯಾರೂ ಕೇಳಿರಲಿಲ್ಲ. ಅದೇನು ಘನವಾದ ಗುಟ್ಟಲ್ಲ. ಚಿಕ್ಕವಳಿದ್ದಾಗ ಅಕ್ಕ ಆಕೆಯನ್ನು ಕರೆಯುತ್ತಿದ್ದ ಹೆಸರು: ಅಳುಬುರುಕಿ. ಪಾಸ್‌ವರ್ಡು ಇಡಿ ಎಂದಾಗ ತಕ್ಷಣ ಹೊಳೆದದ್ದು ಅದೊಂದೇ. ಯಾವ ಹೆಂಗಸಿನ ಒಂದು ನೋಟಕ್ಕೆ ಗಟ್ಟಿಮುಟ್ಟು ಮೆಕ್ಯಾನಿಕ್ಕುಗಳು ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದರೋ, ಆ ಹೆಂಗಸು ಅಳುಬುರುಕಿ ಎಂದು ಟೈಪಿಸಿದ ಮೇಲೆಯೇ ದಿನವೂ ಆ ಕಂಪನಿಯ ಬಾಗಿಲು ತೆರೆಯುತ್ತಿದ್ದದ್ದು.

ಅಕ್ಕನ ವಿಷಯ ಹೇಳಬೇಕು. ಸ್ವಿಚ್ಚಮ್ಮನಿಗೆ ಈ ಲೋಕದಲ್ಲಿ ತನ್ನವರೆಂದು ಇದ್ದದ್ದು ಅಕ್ಕ ಒಬ್ಬಳೇ. ತಾಯಿ ಬೇಗ ಹೋದಳು, ತಂದೆ ಇದ್ದೂ ಇಲ್ಲದಂತಿದ್ದ. ತಂಗಿಗಿಂತ ಹನ್ನೆರಡು ವರ್ಷ ದೊಡ್ಡವಳಾದ ಅಕ್ಕ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರು ಹೊಲಿಯುತ್ತ ತಂಗಿಯನ್ನು ಸಾಕಿದಳು, ಓದಿಸಿದಳು, ಟೈಪಿಂಗು ಕಲಿಯಲು ಕಳಿಸಿದಳು. ತಾನು ಮದುವೆಯಾದದ್ದು ತಡವಾಗಿ. ಗಂಡ ತೀರಿಕೊಂಡ ಮೇಲೆ ಬಸ್ಸಿನಲ್ಲಿ ಅರ್ಧ ದಿನ ದೂರದ ಇನ್ನೊಂದು ಊರಿನಲ್ಲಿ, ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಮನೆಯಲ್ಲೇ ಹೊಲಿಗೆ ಯಂತ್ರ ತುಳಿಯುತ್ತ ಉಳಿದಳು. ತಂಗಿ ತಿಂಗಳಿಗೊಮ್ಮೆ ಶನಿವಾರ ಕೆಲಸ ಮುಗಿಸಿ ಹೋಗುತ್ತಿದ್ದಳು. ಬಾಗಿಲು ತೆರೆಯುವಾಗಲೇ ಅಕ್ಕ ಕೇಳುತ್ತಿದ್ದಳು, "ಎಷ್ಟು ದಿನ ರಜೆ?"

"ನಾಳೆ ಸಂಜೆ ಬಸ್ಸು."

ಉತ್ತರ ಗೊತ್ತಿದ್ದೂ ಪ್ರತಿ ಸಲ ಕೇಳುತ್ತಿದ್ದಳು. ಲಿಫ್ಟುಗಳಿಗೆ ಭಾನುವಾರ ಸೋಮವಾರದ ಭೇದವಿಲ್ಲವಾದ್ದರಿಂದ ಆ ಒಂದು ದಿನವೂ ಮೆಕ್ಯಾನಿಕ್ಕುಗಳ ಫೋನು ಬರುತ್ತಿತ್ತು. ಸ್ವಿಚ್ಚಮ್ಮ ನೆನಪಿನಿಂದಲೇ ಉತ್ತರ ಹೇಳಿ, ಇಷ್ಟೂ ಗೊತ್ತಾಗಲ್ವಾ ಎಂದು ಎರಡು ಬೈದು ಇಡುತ್ತಿದ್ದಳು. ಅಕ್ಕ ಗೊಣಗುತ್ತಿದ್ದಳು. ಆದರೆ ಕೆಳಗೆ ಸೈಕಲ್ ಅಂಗಡಿಯವನ ಹೆಂಡತಿಗೆ ಹೇಳುವಾಗ ಮಾತ್ರ ದನಿಯೇ ಬೇರೆ: "ನಮ್ಮ ಹುಡುಗಿ ಇಲ್ದೆ ಆ ಊರಲ್ಲಿ ಯಾರೂ ಮಹಡಿ ಹತ್ತೋ ಹಾಗಿಲ್ಲ ಕಣಮ್ಮ."

ಹೀಗಿರುವಾಗ ಕಚೇರಿಯಲ್ಲಿ ಕಂಪ್ಯೂಟರುಗಳು ಒಂಬತ್ತಾದವು. ಎಲ್ಲರೂ ಒಟ್ಟಿಗೆ ಆಕೆಯ ಪೆಟ್ಟಿಗೆಗೆ ಕೈ ಹಾಕಿದಾಗ ಅದು ಉಸಿರುಗಟ್ಟಿ ನಿಂತುಬಿಡುತ್ತಿತ್ತು. ಸಾಹೇಬರು ಹಳೆಯ ಕೇಬಲ್ಲಿನವನನ್ನೇ ಕರೆಸಿದರು. ಅವನಿಗೂ ಈಗ ತಲೆ ಬೋಳಾಗಿತ್ತು. ಎಲ್ಲ ಮೇಜುಗಳ ಕೆಳಗೂ ತೂರಿ ನೋಡಿ, ಮೊಣಕಾಲಿನ ಧೂಳು ಕೊಡವುತ್ತ ಎದ್ದು ನಿಂತ.

"ಸರ್, ಎರಡು ದಾರಿ ಇದೆ. ಈಗಿರೋ ಹಾಗೇ ಮುಂದುವರಿಸ್ಬಹುದು. ಇದು ಹೇಗೆ ಅಂದ್ರೆ ಒಂದು ಮನೇಲಿ ಎಲ್ಲರೂ ಅವರವರ ಟ್ರಂಕಲ್ಲಿ ಸಾಮಾನಿಟ್ಕೊಂಡು, ಬೇಕಾದಾಗ ಒಬ್ಬರ ಟ್ರಂಕು ಇನ್ನೊಬ್ಬರು ತೆಗೆಯೋದು. ಟ್ರಂಕಿನೋರು ಬೀಗ ಹಾಕ್ಕೊಂಡು ಊರಿಗೆ ಹೋದ್ರೆ ಅಲ್ಲಿಗೆ ಮುಗೀತು. ಇನ್ನೊಂದು ದಾರಿ ಸರ್ವರ್. ಎಲ್ಲರ ಸಾಮಾನಿಗೂ ಬೇರೇನೇ ಒಂದು ಉಗ್ರಾಣ. ಅದು ಯಾವತ್ತೂ ಮುಚ್ಚಲ್ಲ. ಯಾರು ಯಾವ ಕಪಾಟು ತೆಗೀಬಹುದು ಅಂತ ನೀವೇ ಗೊತ್ತು ಮಾಡಿ. ದಿನಾ ಸಂಜೆ ಎಲ್ಲದಕ್ಕೂ ಇನ್ನೊಂದು ನಕಲು ತೆಗೆದಿಡತ್ತೆ."

"ನಮ್ಮಂಥ ಸಣ್ಣ ಆಫೀಸಿಗೆ ಸರ್ವರ್ ಎಲ್ಲ ಯಾಕಪ್ಪ?" ಎಂದರು ಸಾಹೇಬರು.

"ಸರ್, ನಿಮ್ಮಲ್ಲಿ ಸರ್ವರ್ ಆಗ್ಲೇ ಇದೆ. ಅದು ಕನ್ನಡಕ ಹಾಕ್ಕೊಂಡು ಬಸ್ಸಲ್ಲಿ ಬರತ್ತೆ ಅಷ್ಟೇ."

ಎಲ್ಲರೂ ಗೊಳ್ಳೆಂದು ನಕ್ಕರು. ಸ್ವಿಚ್ಚಮ್ಮನೂ ನಕ್ಕಳು, ಆದರೆ ಮುಖ ಬಿಸಿಯಾಯಿತು. ಸಾಹೇಬರು ತೀರ್ಮಾನವನ್ನು ಆಕೆಗೇ ಬಿಟ್ಟರು. ಎಷ್ಟಾದರೂ ಎಲ್ಲವೂ ಇದ್ದದ್ದು ಆಕೆಯ ಹತ್ತಿರ.

"ಇಷ್ಟು ವರ್ಷದಲ್ಲಿ ನನ್ನಿಂದ ಒಂದು ದಿನ ಕೆಲಸ ನಿಂತಿದ್ಯಾ ಸರ್?" ಎಂದು ಆಕೆ ಕೇಳಿದಳು.

"ಇಲ್ಲಮ್ಮ."

"ಮತ್ತೆ ಉಗ್ರಾಣ ಯಾಕೆ?"

ಕೇಬಲ್ಲಿನವನು ಇಕ್ಕಳವನ್ನು ಚೀಲಕ್ಕೆ ಹಾಕುತ್ತ, "ಮೇಡಂ, ನೀವು ಒಂದು ದಿನ ಬರ್ದೆ ಹೋದ್ರೆ?" ಎಂದ.

"ನಾನು ಬರ್ದೆ ಹೋಗಲ್ಲ."

"ನಾನೂ ಅದನ್ನೇ ಹೇಳ್ತಿರೋದು ಮೇಡಂ," ಎಂದು ಅವನು ಮೆಲ್ಲಗೆ ಅಂದ. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಂದು ಮಿಣಮಿಣ ಡಬ್ಬಿ ಕೂರಿಸಿ, ಆಕೆಯ ಕಂಪ್ಯೂಟರಿಗೆ ಒಂದಿಷ್ಟು ಶಕ್ತಿ ತುಂಬಿ ಅವನು ಹೊರಟುಹೋದ. ಅಂದು ಸ್ವಿಚ್ಚಮ್ಮ ಯುದ್ಧ ಗೆದ್ದವಳಂತೆ ಮೆಟ್ಟಿಲಿಳಿದಳು.

ಆ ಗೆಲುವಿಗೆ ಬೆಲೆ ತೆರಬೇಕಾಗಿ ಬಂದದ್ದು ಮುಂದಿನ ಬಾರಿ ಅಕ್ಕನ ಮನೆಗೆ ಹೋದಾಗ. ಭಾನುವಾರ ಸಂಜೆ ಆಕೆ ಬ್ಯಾಗು ಹೆಗಲಿಗೇರಿಸಿ ನಿಂತಿದ್ದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ಕುಸಿದಳು. ತಿಂದದ್ದೆಲ್ಲ ಹೊರಗೆ ಬಂತು. ಬಹಳ ದಿನದಿಂದ ಹೀಗೆ ಆಗುತ್ತಿತ್ತಂತೆ, ಹೇಳಿರಲಿಲ್ಲ. ಸೈಕಲ್ ಅಂಗಡಿಯವನು ಆಟೋ ತಂದ. ಆಸ್ಪತ್ರೆಯಲ್ಲಿ ಸೇರಿಸಿಕೊಂಡು, ನಾಳೆ ಪರೀಕ್ಷೆಗಳನ್ನು ಮಾಡಬೇಕು ಎಂದರು.

ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಫೋನು ಶುರುವಾಯಿತು. ಕಣ್ಣಾಸ್ಪತ್ರೆಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು. ಒಳಗಿದ್ದವರನ್ನು ಮೆಕ್ಯಾನಿಕ್ಕು ಹೇಗೋ ಇಳಿಸಿದ್ದ, ಆದರೆ ನಕ್ಷೆಯಿಲ್ಲದೆ ಅವನು ಮುಂದೆ ಕೈ ಹಾಕುವಂತಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಗೋಡೆ ಸವರುತ್ತ ಮೆಟ್ಟಿಲಿಳಿಯುತ್ತಿದ್ದಾರೆಂದು ಆಸ್ಪತ್ರೆಯವರು ಕೂಗಾಡುತ್ತಿದ್ದರು.

"ಪಾಸ್‌ವರ್ಡ್ ಹೇಳಿ ಮೇಡಂ, ನಾನೇ ತೆಗೀತೀನಿ," ಎಂದ ಲೆಕ್ಕದ ಹುಡುಗ.

ಆಕೆ ವಾರ್ಡಿನ ಹೊರಗೆ ನಿಂತಿದ್ದಳು. ಪಾಸ್‌ವರ್ಡು ನಾಲಿಗೆಯ ತುದಿಯಲ್ಲಿತ್ತು. ಒಂದು ಪದ ಹೇಳಿಬಿಟ್ಟಿದ್ದರೆ ಆಗಿಹೋಗುತ್ತಿತ್ತು. ನಾಚಿಕೆಯೂ ತಡೆಯಿತು, ನಾಚಿಕೆಗಿಂತ ಹೆಚ್ಚಿನ ಇನ್ನೇನೋ ತಡೆಯಿತು. ಅದನ್ನು ಹೇಳಿದ ಮೇಲೆ ಯಾರು ಬೇಕಾದರೂ ಗುಂಡಿ ಒತ್ತಬಹುದು, ಆಮೇಲೆ ತಾನು ಯಾರು?

"ಮಧ್ಯಾಹ್ನದ ಬಸ್ಸಿಗೆ ಬರ್ತೀನಿ," ಎಂದಳು.

ಸೈಕಲ್ ಅಂಗಡಿಯವನ ಹೆಂಡತಿಯನ್ನು ಅಕ್ಕನ ಬಳಿ ಕೂರಿಸಿದಳು. ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಅಕ್ಕ, "ಹೋಗು ಹೋಗು, ಪಾಪ ಅವ್ರಿಗೆ ನೀನಿಲ್ದೆ ಆಗಲ್ಲ," ಎಂದಳು. ಆ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಬಸ್ಸಿನ ಉದ್ದಕ್ಕೂ ಸ್ವಿಚ್ಚಮ್ಮನನ್ನು ಚುಚ್ಚಿದ್ದೂ ಅದೇ. ಕೊಂಕಾಡಿದ್ದರೆ ತಿರುಗಿಸಿ ಹೇಳಲು ಒಂದು ಮಾತಾದರೂ ಸಿಗುತ್ತಿತ್ತು. ಸಂಜೆ ಕಚೇರಿ ತಲುಪಿ, ಏದುಸಿರಿನಲ್ಲಿ ಕೂತು, ಅಳುಬುರುಕಿ ಎಂದು ಟೈಪಿಸುವಾಗ ಎರಡು ಸಲ ತಪ್ಪಾಯಿತು.

ಪರೀಕ್ಷೆಗಳ ಫಲಿತಾಂಶ ಬಂದಾಗ ಸ್ವಿಚ್ಚಮ್ಮ ಮತ್ತೆ ಅಕ್ಕನ ಊರಿಗೆ ಹೋದಳು. ಡಾಕ್ಟರು ಆಕೆಯೊಬ್ಬಳನ್ನೇ ಒಳಗೆ ಕರೆದರು. ಹೊಟ್ಟೆಯಲ್ಲಿರುವುದು ಹುಣ್ಣಲ್ಲ, ಕತ್ತರಿಸಿ ತೆಗೆಯುವ ಹಂತ ದಾಟಿದೆ, ನೋವು ಕಾಣದಂತೆ ನೋಡಿಕೊಳ್ಳುವುದೊಂದೇ ಈಗ ಮಾಡಬಹುದಾದದ್ದು ಎಂದರು. ಎಷ್ಟು ದಿನ ಎಂದು ಕೇಳಿದ್ದಕ್ಕೆ, "ಹತ್ತಿರದವರು ಯಾರಾದರೂ ಜೊತೆಗೆ ಇದ್ದುಬಿಡೋದು ಒಳ್ಳೇದು," ಎಂದಷ್ಟೇ ಹೇಳಿದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಕ್ಕನಿಗೆ ಆಕೆ ಹೇಳಿದ್ದು ಬೇರೆ: "ಹುಣ್ಣಂತೆ ಕಣಕ್ಕ. ಮಾತ್ರೆ ತಗೊಂಡ್ರೆ ವಾಸಿಯಾಗತ್ತೆ." ಅಕ್ಕ ತಲೆಯಾಡಿಸಿದಳು. ಹೆದರಿಕೆಯಿಲ್ಲದೆ ಅಕ್ಕ ಹೋಗಬೇಕು, ಹೋಗುವವರೆಗೆ ತಾನು ಬಳಿಯಲ್ಲಿರಬೇಕು. ತಂಗಿಗೆ ಇನ್ನು ಬೇಕಾದದ್ದು ಇವೆರಡೇ.

ಮರುದಿನ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತಳು. "ಸರ್, ಆ ಸರ್ವರ್ ತರಿಸ್ಬಿಡಿ."

"ಅವತ್ತು ಬೇಡ ಅಂದ್ರಲ್ಲಮ್ಮಾ?"

"ಅವತ್ತು ನನಗೆ ಬೇಡವಾಗಿತ್ತು ಸರ್. ಆಫೀಸಿಗೆ ಅವತ್ತೇ ಬೇಕಾಗಿತ್ತು." ಅಕ್ಕನ ವಿಷಯ ಹೇಳಿದಳು. ಸಾಹೇಬರು ಮರುಮಾತಾಡದೆ ಕೇಬಲ್ಲಿನವನಿಗೆ ಫೋನು ಹಚ್ಚಿದರು.

ಸರ್ವರ್ ಬಂತು. ಅದಕ್ಕೆ ಪರದೆಯಿಲ್ಲ, ಅಂದಚಂದವಿಲ್ಲ, ಹಳೆಯ ಸೂಟ್‌ಕೇಸಿನಂಥ ಒಂದು ಕಪ್ಪು ಪೆಟ್ಟಿಗೆ. ಸ್ಟೋರಿನ ಹಿಂದಿನ ಮೂಲೆಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅದನ್ನು ಕೂರಿಸಿ, ಕೇಬಲ್ಲಿನವನು ಸ್ವಿಚ್ಚಮ್ಮನ ಪಕ್ಕ ಒಂದು ಕುರ್ಚಿ ಎಳೆದುಕೊಂಡ. ಇಷ್ಟು ವರ್ಷಗಳ ಫೈಲುಗಳು ಈಗ ಆಕೆಯ ಕಂಪ್ಯೂಟರಿನಿಂದ ಅಲ್ಲಿಗೆ ಹೋಗಬೇಕಿತ್ತು.

"ಮೇಡಂ, ಪಾಸ್‌ವರ್ಡ್?"

ಆಕೆ ಅವನ ಕಿವಿಗಷ್ಟೇ ಕೇಳುವಂತೆ ಹೇಳಿದಳು. ಅವನು ನಗಲಿಲ್ಲ. ಒಂದೊಂದೇ ಅಕ್ಷರ ಒತ್ತಿದ. ಪರದೆಯ ಮೇಲೆ ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ಬೆಳೆಯುತ್ತ ಹೋಯಿತು. ಎಲ್ಲರೂ ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಅದು ತುಂಬಿತ್ತು. ಹಗ್ಗಗಳು, ಲಾಕುಗಳು, ನಕ್ಷೆಗಳು, ಆಕೆ ಕಾದುಕೊಂಡಿದ್ದ ಅಷ್ಟೂ ಲಿಫ್ಟುಗಳು ಮೂಲೆಯ ಕಪ್ಪು ಪೆಟ್ಟಿಗೆಗೆ ಹೋಗಿ ಸೇರಿದ್ದವು.

"ಇನ್ಮೇಲೆ ಇದು ನಿಮ್ಮೊಬ್ಬರ ಕಂಪ್ಯೂಟರು ಮೇಡಂ. ಆಫ್ ಮಾಡಿದ್ರೂ ಯಾರಿಗೂ ಗೊತ್ತಾಗಲ್ಲ," ಎಂದ ಕೇಬಲ್ಲಿನವನು, ಸಮಾಧಾನ ಹೇಳುವವನಂತೆ.

ಅವನು ಹೋದ ಮೇಲೆ ಆಕೆ ಮಾಡಿದ ಕೆಲಸವನ್ನು ಯಾರೂ ಗಮನಿಸಲಿಲ್ಲ. ಕಚೇರಿ ತುಂಬಿದ್ದಾಗ, ಹಾಡಹಗಲಿನಲ್ಲಿ, ತನ್ನ ಕಂಪ್ಯೂಟರು ಆರಿಸಿದಳು. ಆರಿಸಿ, ಎರಡೂ ಕೈ ಮಡಿಲಲ್ಲಿಟ್ಟು ಕಿವಿಗೊಟ್ಟು ಕೂತಳು. "ಅಯ್ಯೋ ಹೋಯ್ತು!" ಎಂದು ಯಾರಾದರೂ ಕೂಗಬೇಕಿತ್ತು. ಲೆಕ್ಕದ ಹುಡುಗ ಟೈಪಿಸುತ್ತಲೇ ಇದ್ದ. ಸ್ಟೋರಿನವರು ಹಾಡು ಗುನುಗುತ್ತ ಕಣ್ಣಾಸ್ಪತ್ರೆಯ ನಕ್ಷೆ ತೆರೆದು ಮುದ್ರಿಸಿಕೊಂಡರು. ಅಂದು ಆಕೆಗಾದ ಸಂಕಟ ಸಣ್ಣದಲ್ಲ. ತಾನೇ ಕೇಳಿ ತರಿಸಿಕೊಂಡದ್ದು, ಬೇಕೆಂದೇ ಮಾಡಿದ್ದು, ಆದರೂ ಬಟ್ಟೆ ಹೊದಿಸುವಾಗ ಕೈ ಭಾರವಾಯಿತು. ಎಷ್ಟು ದಿನ ರಜೆ ಬೇಕೆಂದು ಸಾಹೇಬರು ಕೇಳಿದರು. ಗೊತ್ತಿಲ್ಲ ಎಂದಳು. "ಹೋಗಿ ಬನ್ನಿ, ಇಲ್ಲಿನ ಚಿಂತೆ ಬೇಡ," ಎಂದರು ಅವರು. ಇಲ್ಲಿನ ಚಿಂತೆ ಬೇಡವೆಂದು ಯಾರಾದರೂ ಆಕೆಗೆ ಹೇಳಿದ್ದು ಅದೇ ಮೊದಲು.

ಅಕ್ಕನ ಬಾಗಿಲು ತಟ್ಟಿದ್ದು ವಾರದ ನಡುವೆ, ದೊಡ್ಡ ಬ್ಯಾಗಿನೊಂದಿಗೆ. ಅಕ್ಕ ಬಾಗಿಲಿಗೆ ಒರಗಿ ನಿಂತು, ಬ್ಯಾಗನ್ನೂ ತಂಗಿಯನ್ನೂ ನೋಡಿದಳು.

"ಎಷ್ಟು ದಿನ ರಜೆ?"

"ಬೇಕಾದಷ್ಟು ದಿನ ಅಕ್ಕ."

ಅದನ್ನು ಕೇಳಿ ಅಕ್ಕ ಅರಳುತ್ತಾಳೆಂದು ತಂಗಿ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಅಕ್ಕನ ಮುಖ ಬಾಡಿತು.

"ಡಾಕ್ಟ್ರು ಏನಂದ್ರು?"

"ಹೇಳಿದ್ನಲ್ಲ, ಹುಣ್ಣು ಅಂತ."

"ಹುಣ್ಣಿಗೆ ನೀನು ಇಷ್ಟು ದೊಡ್ಡ ಬ್ಯಾಗ್ ತಂದಿದ್ದೀಯ?"

ಇದೊಂದನ್ನು ಸ್ವಿಚ್ಚಮ್ಮ ಯೋಚಿಸಿಯೇ ಇರಲಿಲ್ಲ. ಇಷ್ಟು ವರ್ಷ ಭಾನುವಾರ ಸಂಜೆ ದಾಟಿ ಒಂದು ಗಳಿಗೆ ನಿಲ್ಲದವಳು ಈಗ ನಿಲ್ಲಲು ಬಂದಿದ್ದಾಳೆ ಎಂದರೆ ಅದರ ಅರ್ಥವೇನೆಂದು ತಿಳಿಯದಷ್ಟು ಮುಗ್ಧೆಯಲ್ಲ ಅಕ್ಕ. ಗಾಬರಿಯಲ್ಲಿ ಸರ್ವರಿನ ಕಥೆಯನ್ನೆಲ್ಲ ಹೇಳಿದಳು: ಟ್ರಂಕು, ಉಗ್ರಾಣ, ಯಾವತ್ತೂ ಮುಚ್ಚದ ಕಪ್ಪು ಪೆಟ್ಟಿಗೆ, ಇನ್ನು ತಾನಿಲ್ಲದೆಯೂ ಎಲ್ಲ ನಡೆಯುತ್ತದೆ, ಅದಕ್ಕೇ ರಜೆ. ಎಲ್ಲವೂ ನಿಜವೇ. ಆದರೂ ಹೇಳುತ್ತ ಹೇಳುತ್ತ ಸುಳ್ಳಿನಂತೆ ಕೇಳಿಸತೊಡಗಿತು.

"ಹಾಗಾದ್ರೆ ಫೋನೂ ಬರಲ್ವಾ?" ಎಂದು ಅಕ್ಕ ಕೇಳಿದಳು.

"ಬರಲ್ಲ."

ಅಂದಿನಿಂದ ಅಕ್ಕನ ಕಣ್ಣು ಕಿಟಕಿಯ ಕಟ್ಟೆಯ ಮೇಲಿಟ್ಟ ತಂಗಿಯ ಫೋನಿನ ಕಡೆಗೇ. ಮೂಗನ ಹಾಗೆ ಕೂತ ಆ ಫೋನು ಡಾಕ್ಟರು ಹೇಳದೆ ಬಿಟ್ಟದ್ದನ್ನು ದಿನವಿಡೀ ಹೇಳುತ್ತಿದ್ದಂತಿತ್ತು. ಅಕ್ಕ ಗಂಜಿಯನ್ನು ಎರಡು ಚಮಚಕ್ಕೆ ನಿಲ್ಲಿಸಿದಳು. ಗೋಡೆ ಕಡೆ ತಿರುಗಿ ಮಲಗಿದಳು. ತಂಗಿಗೆ ತಡೆಯಲಾಗಲಿಲ್ಲ. ಕೆಳಗಿಳಿದು ಸೈಕಲ್ ಅಂಗಡಿಯಲ್ಲಿ ನಿಂತು, ಅಲ್ಲಿಂದ ಲೆಕ್ಕದ ಹುಡುಗನಿಗೆ ಫೋನು ಮಾಡಿದಳು.

"ನಾಳೆಯಿಂದ ದಿನಾ ನನಗೊಂದು ಫೋನ್ ಮಾಡಪ್ಪ. ಏನಾದ್ರೂ ಕೇಳು."

"ಇಲ್ಲಿ ಎಲ್ಲ ಸರಿಯಾಗಿದೆ ಮೇಡಂ. ಏನೂ ತೊಂದ್ರೆ ಇಲ್ಲ."

"ತೊಂದ್ರೆ ಇದೆ ಅಂತ ಕೇಳಪ್ಪಾ!" ಎಂದು ಆಕೆ ಗದರಿದಳು. ಕಾರಣ ಹೇಳಿದಳು. "ಎಷ್ಟು ಹೊತ್ತಿಗೆ ಮಾಡ್ಲಿ?" ಎಂದ ಹುಡುಗ. ಮಧ್ಯಾಹ್ನ ಅಕ್ಕ ಒಂದು ನಿದ್ದೆ ಮುಗಿಸಿ ಏಳುವ ಹೊತ್ತನ್ನು ಆಕೆ ಹೇಳಿದಳು.

ಮರುದಿನ ಫೋನು ಬಂತು. ಹುಡುಗನ ನಟನೆ ದೇವರಿಗೇ ಪ್ರೀತಿ. ಅರಚಿದ್ದೇ ಅರಚಿದ್ದು: "ಮೇಡಂ, ಬ್ಯಾಂಕಿನ ಲಿಫ್ಟಿನ ಫೈಲ್ ಎಲ್ಲೂ ಕಾಣ್ತಿಲ್ಲ ಮೇಡಂ!" ಮೊದಲ ಎರಡು ಮಾತು ತಡವರಿಸಿದ ಸ್ವಿಚ್ಚಮ್ಮ ಮೂರನೆಯ ಮಾತಿಗೆ ತನ್ನ ಹಳೆಯ ಹಾದಿಗೆ ಬಂದಳು. "ಕಣ್ಣು ಬಿಟ್ಕೊಂಡು ನೋಡಿದ್ರೆ ತಾನೇ ಕಾಣೋದು? ಹಳೇ ಕಟ್ಟಡಗಳ ಫೋಲ್ಡರ್ ತೆಗಿ. ಅದರೊಳಗೆ ಹೋಗು. ಬಂತಾ? ನಾನು ಸತ್ರೂ ನಿಮಗೆ ಬುದ್ಧಿ ಬರಲ್ಲ." ಬೈದು ಇಟ್ಟಾಗ ಅಕ್ಕ ದಿಂಬಿಗೊರಗಿ ಎದ್ದು ಕೂತಿದ್ದಳು.

"ಏನಂತೆ?"

"ಏನಿಲ್ಲ, ಅದೇ ಗೋಳು. ಪೆಟ್ಟಿಗೆ ತಂದ್ರೂ ನನ್ನನ್ನ ಬಿಡಲ್ಲ."

"ಬಿಡಲ್ಲ ಅವ್ರು ನಿನ್ನ," ಎಂದಳು ಅಕ್ಕ. ಅಂದು ಒಂದು ಬಟ್ಟಲು ಗಂಜಿ ಪೂರ್ತಿ ಕುಡಿದಳು.

ಅಲ್ಲಿಂದ ಮುಂದೆ ಇಡೀ ಕಚೇರಿ ಈ ಆಟಕ್ಕೆ ಸೇರಿಕೊಂಡಿತು. ಒಂದು ದಿನ ಸ್ಟೋರಿನವರು, ಒಂದು ದಿನ ಕಣ್ಣಾಸ್ಪತ್ರೆಯ ಮೆಕ್ಯಾನಿಕ್ಕು. ಒಮ್ಮೆ ಸಾಹೇಬರೇ ಮಾಡಿದರು, ಆಕೆ ಯಾರೆಂದು ನೋಡದೆ ಅವರಿಗೂ ಸರಿಯಾಗಿ ಕೊಟ್ಟಳು. ಅವರು "ತಪ್ಪಾಯ್ತಮ್ಮ, ತಪ್ಪಾಯ್ತು" ಎಂದು ಇಟ್ಟರು. ಅಕ್ಕ ಕರಗುತ್ತಲೇ ಇದ್ದಳು. ಬಳೆ ಮೊಣಕೈವರೆಗೆ ಜಾರುತ್ತಿತ್ತು, ನೋವಿನ ಮಾತ್ರೆ ಎರಡಿದ್ದದ್ದು ನಾಲ್ಕಾಗಿತ್ತು. ಆದರೂ ಫೋನು ಬರುವ ಹೊತ್ತಿಗೆ ತಲೆ ಬಾಚಿಸಿಕೊಂಡು, ನಾಟಕ ನೋಡಲು ಬಂದವಳ ಹಾಗೆ ಕೂತಿರುತ್ತಿದ್ದಳು. ಅಕ್ಕನಿಗೆ ಹೆದರಿಕೆಯಿಲ್ಲ ಎಂದು ತಂಗಿ ನೆಮ್ಮದಿಯಾಗಿದ್ದಳು.

ಅಕ್ಕನಿಗೆ ಎದ್ದು ಕೂರಲೂ ಆಗದಂತಾ‌ದ ದಿನವೊಂದು ಬಂತು. ಆ ಮಧ್ಯಾಹ್ನವೂ ಫೋನು ರಿಂಗಾಯಿತು, ಅಂದು ಲೆಕ್ಕದ ಹುಡುಗನ ಸರದಿ. ಸ್ವಿಚ್ಚಮ್ಮ ಎತ್ತಿಕೊಂಡು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕೈ ಚಾಚಿದಳು.

"ಇಲ್ಲಿ ಕೊಡು."

"ಆಫೀಸಿಂದು ಅಕ್ಕ."

"ಗೊತ್ತು ಕೊಡೇ."

ಫೋನನ್ನು ಎದೆಯ ಮೇಲಿಟ್ಟುಕೊಂಡು ಅಕ್ಕ ತಂಗಿಯನ್ನು ನೋಡಿದಳು. "ಮೊದ್ಲೆಲ್ಲ ನಾವು ತಟ್ಟೆ ಮುಂದೆ ಕೂತ್ವು ಅಂದ್ರೆ ಸಾಕು, ಆಗ್ಲೇ ಬಡ್ಕೊಳ್ತಿತ್ತು ಈ ಫೋನು. ಬಾಯಿಗಿಟ್ಟ ತುತ್ತು ನುಂಗೋಕೂ ಬಿಡ್ತಿರ್ಲಿಲ್ಲ. ಈಗ ನಾನು ನಿದ್ದೆ ಮಾಡಿ ಏಳೋವರೆಗೆ ಕಾಯತ್ತೆ. ಇಷ್ಟು ಮರ್ಯಾದೆ ಇರೋ ಫೋನು ನಿನ್ನ ಆಫೀಸಿಂದ ಬರತ್ತೇನೇ?"

ಯಾವಾಗ ಗೊತ್ತಾಯಿತು ಎಂದು ಸ್ವಿಚ್ಚಮ್ಮ ಕೇಳಿದಳು.

"ಎರಡನೇ ದಿನ."

"ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಕ್ಕ?"

"ಅವ್ರನ್ನ ಬೈಯೋವಾಗ ನಿನ್ನ ಮುಖ ಎಷ್ಟು ಚೆನ್ನಾಗಿರ್ತಿತ್ತು. ಪೆಟ್ಟಿಗೆ ಬಂದ್ಮೇಲೆ ನಿನಗೆ ಅದೂ ಇಲ್ಲವಲ್ಲ ಅಂತ."

ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. "ತಮ್ಮಾ, ನಾನು ಅವಳ ಅಕ್ಕ. ನೀವೆಲ್ಲ ದಿನಾ ಚೆನ್ನಾಗೇ ಕೂಗಿದ್ರಿ ಕಣಪ್ಪ. ನಾಳೆಯಿಂದ ಮಾಡ್ಬೇಡಿ, ನಮಗಿಬ್ರಿಗೂ ಒಂದಿಷ್ಟು ಮಾತಾಡೋದಿದೆ." ಅತ್ತಲಿಂದ ಅವನು ಏನೆಂದನೋ ಕೇಳಿಸಲಿಲ್ಲ. ಅಕ್ಕ ಹೂಂಗುಟ್ಟಿ ಫೋನನ್ನು ಹಾಸಿಗೆಯ ಮೇಲೆ ಬಿಟ್ಟಳು, ತಂಗಿಗೆ ಕೂರಲು ಜಾಗವಾಗುವಂತೆ ಕಾಲನ್ನು ಕಷ್ಟಪಟ್ಟು ಸರಿಸಿಕೊಂಡಳು.

"ಬಾ ಇಲ್ಲಿ. ಡಾಕ್ಟ್ರು ನಿನ್ನ ಒಬ್ಬಳನ್ನೇ ಕರೆದು ಏನಂದ್ರೋ, ಅದನ್ನ ಈಗ ನನಗೆ ಹೇಳು."

ಸ್ವಿಚ್ಚಮ್ಮ ಅಕ್ಕನ ಕೈ ಹಿಡಿದು ಕೂತು, ಒಂದನ್ನೂ ಬಿಡದೆ ಹೇಳಿದಳು.